ಕಟ್ಟೆಯ ಮೇಲಿನ ದೇವಿ, ಕಟ್ಟೆಯ ಬುಡದ ಸಸಿ

ಗಂಜಾಂ ಕಾವೇರಿ ಬಳಸಿ ಹರಿಯುವ ನಡುಗಡ್ಡೆಯ ಊರು. ನಿಮಿಷಾಂಬ ಗುಡಿ, ಗುಂಬಜ್ ಎರಡೂ ಇಲ್ಲಿವೆ. ಹೊಳೆ ಹತ್ತಿರವಿರುವ ಹಿತ್ತಲುಗಳಲ್ಲಿ ತೇವ ಆರುವುದೇ ಅಪರೂಪ. ಇಂಥ ನೆಲದಲ್ಲಿ ತುಳಸಿ ಹುಟ್ಟುವುದು ಸುಲಭ, ಉಳಿಯುವುದು ಕಷ್ಟ. ಪುದೀನ, ದೊಡ್ಡಪತ್ರೆ, ಕಾಮಕಸ್ತೂರಿಗಳದೇ ಕುಲ ಅದರದು. ಎಳೆ ಕಾಂಡವನ್ನು ಬೆರಳಲ್ಲಿ ಹೊರಳಿಸಿದರೆ ನಾಲ್ಕು ಮೂಲೆ ತಾಗುತ್ತವೆ. ಆದರೆ ಪುದೀನದಷ್ಟು ಒದ್ದೆ ಅದಕ್ಕೆ ಒಗ್ಗದು. ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಅಂಗಳದ ಕಟ್ಟೆ ಪೂಜೆಗೆ ಪೀಠವೂ ಹೌದು, ಬೇರಿಗೆ ರಕ್ಷೆಯೂ ಹೌದು.

ಒಣಗಿದ ತೆನೆಯಿಂದ ಉದುರಿದ ಬೀಜ ಮಳೆ ಬಿದ್ದೊಡನೆ ಕಟ್ಟೆಯ ಸುತ್ತ ಮೊಳೆಯುತ್ತದೆ. ಮೇಲಿನ ಗಿಡಕ್ಕೆ ಅರಿಸಿನ, ಕುಂಕುಮ, ಪ್ರದಕ್ಷಿಣೆ. ಕೆಳಗಿನ ಸಸಿ ಕಾಲಿಗೆ ಅಡ್ಡವಾದರೆ ಕೀಳಬೇಕಾಗುತ್ತದೆ. ಎರಡೂ ಒಂದೇ ಬೀಜದವು. ಹಾಗಾದರೆ ದೈವವಿರುವುದು ಗಿಡದಲ್ಲೋ, ಕಟ್ಟೆಯಲ್ಲೋ?

ಗಂಜಾಂನ ಚರ್ಚಿನೊಂದಿಗೆ ಹೆಸರು ಬೆಸೆದುಕೊಂಡಿರುವ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್, 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ತುಳಸಿಪೂಜೆಯನ್ನೂ ವರ್ಣಿಸಿದ್ದಾನೆ. ಹೊರಗಿನವನ ಕಣ್ಣಿಗೆ ಅದು ಸಸ್ಯಪೂಜೆ. ಒಳಗಿನ ಉತ್ತರ ಬೇಕಿದ್ದರೆ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಕಡೆ ನೋಡಬೇಕು. ರಾಮಾನುಜರ ಪರಂಪರೆ ಅರ್ಚಾವತಾರದ ಬಗ್ಗೆ ಹೇಳುವ ಮಾತು ಬಲು ದೊಡ್ಡದು: ಎಲ್ಲಕ್ಕೂ ಒಡೆಯನಾದವನು ವಿಗ್ರಹವಾಗಿ ಬಂದು, ಮೀಯುವುದಕ್ಕೂ ಉಣ್ಣುವುದಕ್ಕೂ ಭಕ್ತನ ಕೈ ಕಾಯುತ್ತಾನೆ.

ತುಳಸಿಯ ಮಟ್ಟಿಗೆ ಇದು ಅಕ್ಷರಶಃ ನಿಜ. ಕಲ್ಲಿನ ಮೂರ್ತಿಗೆ ಒಂದು ದಿನ ಅಭಿಷೇಕ ತಪ್ಪಿದರೂ ಅದು ನಿಂತೇ ಇರುತ್ತದೆ. ಬೇಸಿಗೆಯಲ್ಲಿ ನಾಲ್ಕು ದಿನ ನೀರು ತಪ್ಪಿದ ತುಳಸಿ ಸೊರಗುತ್ತದೆ. ಇಲ್ಲಿ ಅರ್ಚಕರೂ ಬೇಕಿಲ್ಲ. ಬೆಳಗ್ಗೆ ಚೊಂಬು ಹಿಡಿದು ಬರುವ ಮನೆಯಾಕೆಯೇ ಸಾಕು. ಅವಳು ಹೊತ್ತ ಹೊಣೆಯೇ ಆ ಗಿಡವನ್ನು ದೇವಿಯಾಗಿಸಿದೆ ಎನ್ನಲು ಅಡ್ಡಿಯೇನಿಲ್ಲ. ಕಿತ್ತ ಸಸಿಯನ್ನೂ ತಿಪ್ಪೆಗೆ ಎಸೆಯದೆ ಪಕ್ಕದ ಮನೆಗೆ ಕೊಡುವ ರೂಢಿಯಲ್ಲಿ ಅದೇ ಹೊಣೆ ಮುಂದುವರಿಯುತ್ತದೆ.

ಪೂಜಿಸುವ ಗಿಡದ ಎಲೆ ಕೀಳುವುದು ಸರಿಯೇ ಎಂಬ ಅಳುಕಿಗೂ ಆಚಾರದಲ್ಲಿ ಉತ್ತರವಿದೆ. ದ್ವಾದಶಿಯಂದು ಕೀಳಬಾರದು, ಸಂಜೆಯ ಮೇಲೆ ಮುಟ್ಟಬಾರದು. ಉಳಿದ ದಿನಗಳಲ್ಲಿ ಕುಡಿ, ತೆನೆ ಚಿವುಟಿ ದೇವರಿಗೆ ಏರಿಸಿದಷ್ಟೂ ಗಿಡ ಕವಲೊಡೆದು ಪೊದೆಯಾಗುತ್ತದೆ. ಚಿವುಟದೆ ಬಿಟ್ಟರೆ ಬೀಜ ಕಟ್ಟಿ ಬೇಗ ಮುದಿಯಾಗುತ್ತದೆ.

ಈಗ ಹಲವು ಮನೆಗಳಲ್ಲಿ ಕಟ್ಟೆಗೆ ಟೈಲ್ಸ್ ಹಾಕಿಸಿ, ನೀರು ಬಸಿಯುವ ತೂತನ್ನೇ ಸಿಮೆಂಟಿನಿಂದ ಮುಚ್ಚಿಬಿಡುತ್ತಾರೆ. ಈ ಸಲ ಉತ್ಥಾನ ದ್ವಾದಶಿಗೆ ನೆಲ್ಲಿಯ ಕೊಂಬೆ ನೆಡುವ ಮೊದಲು ಆ ತೂತು ತೆರೆದಿದೆಯೇ ಎಂದು ದಯವಿಟ್ಟು ನೋಡಿ.