ಹೊರಡುವವರ ಋಣ

ನ್ಯೂಜೆರ್ಸಿಯ ಅಕ್ಕ ಫೋನ್ ಮಾಡಿದರೆ ಮೊದಲು ಮಳೆ ಬಂತಾ ಎಂದು ಕೇಳುವುದು ರೂಢಿ. ಈ ಸಲ ಕೇಳಲಿಲ್ಲ. "ಮಗಳು ಪೋರ್ಚುಗಲ್‌ಗೆ ಹೋಗ್ತಾಳಂತೆ ಕಣೋ. ಓದೋಕಲ್ಲ, ಅಲ್ಲೇ ಇರೋಕೆ" ಎಂದಳು. ಮಗಳು ಅಮೆರಿಕದಲ್ಲೇ ಹುಟ್ಟಿ ಬೆಳೆದವಳು. ಅಕ್ಕ ಬಲಗೈ ಎತ್ತಿ ಪ್ರಮಾಣ ಮಾಡಿ ಆ ದೇಶದ ಪ್ರಜೆಯಾದವಳು; ರದ್ದಾದ ಅವಳ ಭಾರತದ ಪಾಸ್‌ಪೋರ್ಟು ಇವತ್ತಿಗೂ ಬೀರುವಿನಲ್ಲಿ, ಅಮ್ಮ ಕೊಟ್ಟ ಸೀರೆಯ ಮಡಿಕೆಯೊಳಗಿದೆ. ಹುಟ್ಟಿದ ದೇಶ ಬಿಟ್ಟು ಯಾವ ದೇಶವನ್ನು ತನ್ನದಾಗಿಸಿಕೊಂಡಳೋ ಅದನ್ನೇ ಮಗಳು ಬಿಡುತ್ತೇನೆ ಅನ್ನುತ್ತಿದ್ದಾಳೆ. "ಉಂಡ ಅನ್ನದ ಋಣ ಅನ್ನೋದು ಒಂದಿಲ್ವೇನೋ?" ಎಂದು ಕೇಳಿದಳು. ನನಗೆ ಆಗ ಏನೂ ಹೊಳೆಯಲಿಲ್ಲ. ಅಂದಿನಿಂದ ಅದನ್ನೇ ಯೋಚಿಸುತ್ತಿದ್ದೇನೆ.

ಇದು ಅವರೊಬ್ಬರ ಮನೆಯ ಮಾತಲ್ಲ. 2025ರ ಗ್ಯಾಲಪ್ ಸಮೀಕ್ಷೆಯಲ್ಲಿ 15ರಿಂದ 44 ವಯಸ್ಸಿನ ಅಮೆರಿಕನ್ ಮಹಿಳೆಯರಲ್ಲಿ ಶೇ. 40ರಷ್ಟು ಮಂದಿ, ಅವಕಾಶ ಸಿಕ್ಕರೆ ದೇಶವನ್ನು ಕಾಯಮ್ಮಾಗಿ ಬಿಡುತ್ತೇವೆ ಎಂದರು. 2014ರಲ್ಲಿ ಹಾಗೆ ಹೇಳಿದವರು ಶೇ. 10. ಹೇಳಿದವರೆಲ್ಲ ಗಂಟುಮೂಟೆ ಕಟ್ಟುವುದಿಲ್ಲ, ನಿಜ. ಆದರೂ ಹತ್ತರಲ್ಲಿ ನಾಲ್ವರ ಮನಸ್ಸು ಹೊಸ್ತಿಲ ಮೇಲೆ ನಿಂತಿದೆ ಅಂದರೆ ಅದು ಸಣ್ಣ ಸಂಗತಿಯಲ್ಲ.

ಹೊರಡುವ ಹಕ್ಕಿನ ಬಗ್ಗೆ ತಕರಾರಿಲ್ಲ. ಪೌರತ್ವ ತೊರೆಯುವುದು ಎಲ್ಲ ಜನರ ಸಹಜ ಹಕ್ಕು ಎಂದು ಅಮೆರಿಕ 1868ರಲ್ಲೇ ಕಾನೂನು ಮಾಡಿದೆ. ಆದರೆ ಹಕ್ಕನ್ನೇ ಬಾರುಕೋಲು ಮಾಡಿಕೊಂಡವರೂ ಇದ್ದಾರೆ. ವಿಯೆಟ್ನಾಂ ಯುದ್ಧ ಬೇಡ ಎಂದವರಿಗೆ ಅಲ್ಲಿ ಒಂದು ಘೋಷಣೆ ಎದುರಾಗುತ್ತಿತ್ತು: ದೇಶವನ್ನು ಪ್ರೀತಿಸು, ಇಲ್ಲವೇ ಬಿಟ್ಟು ಹೋಗು. ವಾದ ಹಳೆಯದು. ಪ್ಲೇಟೋನ ‘ಕ್ರಿಟೋ’ದಲ್ಲಿ ಸೆರೆಮನೆಯಲ್ಲಿರುವ ಸಾಕ್ರೆಟಿಸ್‌ನ ಮುಂದೆ ಅಥೆನ್ಸಿನ ಕಾನೂನುಗಳೇ ನಿಂತು ಮಾತಾಡುತ್ತವೆ: ಹಿಡಿಸದಿದ್ದರೆ ಹೋಗಬಹುದಿತ್ತು, ಎಪ್ಪತ್ತು ವರ್ಷ ಇಲ್ಲೇ ಇದ್ದೆ, ಅಂದಮೇಲೆ ಒಪ್ಪಿದ್ದೀಯ. ಇದಕ್ಕೆ 1748ರಲ್ಲಿ ತತ್ವಜ್ಞಾನಿ ಡೇವಿಡ್ ಹ್ಯೂಮ್ ಕೊಟ್ಟ ಉತ್ತರಕ್ಕಿಂತ ಗಟ್ಟಿಯಾದದ್ದನ್ನು ನಾನು ಓದಿಲ್ಲ. ಪರಭಾಷೆ ಬಾರದ, ಅಂದಂದಿನ ಕೂಲಿಯಲ್ಲಿ ಬದುಕುವ ಬಡವನಿಗೆ ದೇಶ ಬಿಡುವ ಸ್ವಾತಂತ್ರ್ಯವಿದೆ ಅನ್ನುವುದು ಎಂಥ ಮಾತು? ನಿದ್ದೆಯಲ್ಲಿದ್ದವನನ್ನು ಹೊತ್ತೊಯ್ದು ಹಡಗಿಗೆ ಹಾಕಿ, ಎಚ್ಚರವಾದ ಮೇಲೆ, ನೀನು ಇಲ್ಲಿರುವುದೇ ಕಪ್ತಾನನಿಗೆ ಕೊಟ್ಟ ಒಪ್ಪಿಗೆ ಎಂದ ಹಾಗೆ. ಇಳಿಯಬೇಕೆಂದರೆ ಸಮುದ್ರಕ್ಕೆ ಹಾರಬೇಕು.

ಉಳಿದವರೆಲ್ಲ ಒಪ್ಪಿ ಉಳಿದವರಲ್ಲ ಎಂದ ಮೇಲೆ, ಹೊರಟವರನ್ನು ದ್ರೋಹಿಗಳು ಅನ್ನುವುದಕ್ಕೂ ಆಧಾರ ಸಿಗುವುದಿಲ್ಲ. ಒಪ್ಪಂದದ ಲೆಕ್ಕ ಅಲ್ಲಿಗೆ ಮುಗಿಯಿತು. ಅಕ್ಕ ಕೇಳಿದ್ದು ಬೇರೆ ಲೆಕ್ಕ. ಊರು ಬಿಟ್ಟವರ ಬಗ್ಗೆ ನಾವು ‘ಅಲ್ಲಿನ ನೀರಿನ ಋಣ ತೀರಿತು’ ಅನ್ನುತ್ತೇವೆ, ತೀರಿಸಿದ ಅನ್ನುವುದಿಲ್ಲ. ಅದು ತಾನಾಗಿ ತೀರಬೇಕು. ಹಾಗಿದ್ದರೂ ಈ ಮಾತನ್ನು ಎಚ್ಚರದಿಂದ ಆಡಬೇಕು, ಯಾಕೆಂದರೆ ಜೀತದಾಳನ್ನು ತಲೆಮಾರುಗಟ್ಟಲೆ ಕಟ್ಟಿಹಾಕಿದ್ದೂ ಇದೇ ಋಣ. ಡಬ್ಲ್ಯು.ಇ.ಬಿ. ಡುಬಾಯ್ಸ್ ಅವರನ್ನು ನೆನೆಯಿರಿ. ಕಪ್ಪು ಜನರ ಹಕ್ಕಿಗಾಗಿ ಆಯುಷ್ಯ ಸವೆಸಿದ ಆ ವಿದ್ವಾಂಸರ ಮೇಲೆ 1951ರಲ್ಲಿ ಅಮೆರಿಕ ಸರ್ಕಾರ ಮೊಕದ್ದಮೆ ಹೂಡಿತು. ಅವರು ನಿರ್ದೋಷಿಯಾಗಿ ಹೊರಬಂದರೂ ವರ್ಷಗಟ್ಟಲೆ ಪಾಸ್‌ಪೋರ್ಟ್ ಕೊಡಲಿಲ್ಲ. 1961ರಲ್ಲಿ, 93ನೇ ವಯಸ್ಸಿನಲ್ಲಿ, ಅವರು ಘಾನಾಕ್ಕೆ ಹೊರಟರು. ಅವರ ಎದುರು ನಿಂತು ಅನ್ನದ ಋಣ ನೆನಪಿಸುವ ಯೋಗ್ಯತೆ ಯಾರಿಗಿತ್ತು? ಬಾಕಿ ಉಳಿಸಿಕೊಂಡದ್ದು ದೇಶ.

ಕಪ್ಪು ಲೇಖಕ ಜೇಮ್ಸ್ ಬಾಲ್ಡ್ವಿನ್ ಅವರ ಕತೆ ಇನ್ನಷ್ಟು ಹತ್ತಿರದಿಂದ ನೋಡಬೇಕಾದದ್ದು. 1946ರಲ್ಲಿ ಅವರ ಆಪ್ತ ಗೆಳೆಯನೊಬ್ಬ ನ್ಯೂಯಾರ್ಕಿನ ಸೇತುವೆಯಿಂದ ಹಾರಿ ಪ್ರಾಣ ಬಿಟ್ಟ. ಮುಂದಿನ ಸರದಿ ತನ್ನದೇ ಎಂಬ ಭಯದಲ್ಲಿ 1948ರಲ್ಲಿ, ಜೇಬಿನಲ್ಲಿ 40 ಡಾಲರ್‌ ಚಿಲ್ಲರೆ ಇಟ್ಟುಕೊಂಡು, ಬಾಲ್ಡ್ವಿನ್ ಪ್ಯಾರಿಸ್‌ಗೆ ಹೋದರು. ಮೂರು ವರ್ಷದ ಬಳಿಕ ಸ್ವಿಟ್ಜರ್‌ಲೆಂಡಿನ ಹಿಮದ ಹಳ್ಳಿಯೊಂದರಲ್ಲಿ, ಕಪ್ಪು ಮನುಷ್ಯನನ್ನೇ ಕಂಡಿರದ ಜನರ ನಡುವೆ, ಟೈಪ್‌ರೈಟರ್ ಮುಂದೆ ಕೂತರು. ಜೊತೆಗಿದ್ದದ್ದು ಬೆಸ್ಸಿ ಸ್ಮಿತ್ ಹಾಡಿದ ಎರಡು ರೆಕಾರ್ಡು. ಅಮೆರಿಕದಲ್ಲಿದ್ದಾಗ ದೂರವೇ ಇಟ್ಟಿದ್ದ ಆ ದನಿಯನ್ನು ಆಲ್ಪ್ಸ್ ಬೆಟ್ಟದಲ್ಲಿ ಮತ್ತೆ ಮತ್ತೆ ಕೇಳುತ್ತ, ತಾನು ಹುಡುಗನಾಗಿದ್ದಾಗ ಆಡುತ್ತಿದ್ದ ಮಾತಿನ ಲಯವನ್ನು ಅವರು ಮರಳಿ ಪಡೆದರು; ನ್ಯೂಯಾರ್ಕಿನ ಹಾರ್ಲೆಮ್ ಕುರಿತ ತಮ್ಮ ಮೊದಲ ಕಾದಂಬರಿಯನ್ನು ಅಲ್ಲೇ ಮುಗಿಸಿದರು. ದೇಶ ಬಿಟ್ಟದ್ದರಿಂದಲೇ ದೇಶ ಅವರ ಕೈಗೆ ಸಿಕ್ಕಿತು. 1963ರ ಆಗಸ್ಟ್‌ನಲ್ಲಿ ಪ್ಯಾರಿಸ್‌ನಲ್ಲಿದ್ದ ಅಮೆರಿಕನ್ನರೊಂದಿಗೆ ಮನವಿಪತ್ರ ಹಿಡಿದು ರಾಯಭಾರ ಕಚೇರಿಗೆ ನಡೆದರು. ಅದೇ ತಿಂಗಳ 28ರಂದು, ಕಪ್ಪು ಜನರ ಹಕ್ಕಿಗಾಗಿ ನಡೆದ ವಾಷಿಂಗ್ಟನ್ನಿನ ಮಹಾ ಮೆರವಣಿಗೆಯಲ್ಲಿದ್ದರು. ಹಿಂದಿನ ದಿನವಷ್ಟೇ ಘಾನಾದ ಅಕ್ರಾದಲ್ಲಿ ಡುಬಾಯ್ಸ್ ತೀರಿಕೊಂಡಿದ್ದರು. ಆ ಸುದ್ದಿಯನ್ನು ಅಲ್ಲಿ ನೆರೆದಿದ್ದ ಸುಮಾರು ಎರಡೂವರೆ ಲಕ್ಷ ಜನರಿಗೆ ವೇದಿಕೆಯಿಂದ ತಿಳಿಸಲಾಯಿತು.

ಋಣ ಇರುವುದು ಸರ್ಕಾರಕ್ಕಲ್ಲ, ಬಾವುಟಕ್ಕಲ್ಲ, ಹೊರಡಲಾಗದವರಿಗೆ ಎಂದು ನನಗೆ ಅನ್ನಿಸತೊಡಗಿದ್ದು ಇವರಿಬ್ಬರಿಂದ. ಹ್ಯೂಮನ ಹಡಗಿನಲ್ಲಿ ಈಜು ಬಾರದೆ ಉಳಿದವರಿಗೆ. ಹಿಟ್ಲರ್ ಬಂದ 1933ರಲ್ಲೇ ಬರ್ಲಿನ್ ಬಿಟ್ಟ ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹಿರ್ಶ್‌ಮನ್ 1970ರಲ್ಲಿ ಒಂದು ಪುಸ್ತಕ ಬರೆದರು. ಸಂಸ್ಥೆ ಕೆಡತೊಡಗಿದಾಗ ಮೊದಲು ಹೊರಡುವವರು ಹೆಚ್ಚಾಗಿ ದನಿ ಎತ್ತಬಲ್ಲವರೇ, ಅವರು ಹೋದಮೇಲೆ ಕೇಳುವವರಿಲ್ಲದೆ ಅದು ಇನ್ನೂ ಕೆಡುತ್ತದೆ ಎನ್ನುವುದು ಅವರ ವಾದ. ಅವರ ಉದಾಹರಣೆಗಳಲ್ಲಿ ಶಾಲೆಯೂ ಒಂದು. ನಮಗೆ ಇದನ್ನು ವಿವರಿಸಬೇಕಿಲ್ಲ: ಮೇಷ್ಟ್ರ, ಗುಮಾಸ್ತರ, ಡಾಕ್ಟರ ಮಕ್ಕಳು ಬಿಟ್ಟುಹೋದ ಮೇಲೆ ನಮ್ಮೂರ ಸರ್ಕಾರಿ ಶಾಲೆಯ ಸೋರುವ ಮಾಡಿನ ಬಗ್ಗೆ ಅರ್ಜಿ ಬರೆಯುವವರೇ ಇಲ್ಲವಾದರು. ಆದರೆ ಇದೇ ಹಿರ್ಶ್‌ಮನ್ 1940ರಲ್ಲಿ ಮಾರ್ಸೇಲ್‌ನಲ್ಲಿ ನಿಂತು, ನಾಜಿಗಳಿಂದ ತಪ್ಪಿಸಿಕೊಳ್ಳುವವರಿಗೆ ತಿಂಗಳುಗಟ್ಟಲೆ ದಾರಿ ಮಾಡಿಕೊಟ್ಟು, ಆಮೇಲೆ ತಾವು ಅಮೆರಿಕದ ಹಡಗು ಹತ್ತಿದರು. ಹಾಗೆ ಹೊರಟವರನ್ನು ಓಡಿಹೋದರು ಅನ್ನಲು ನನ್ನ ನಾಲಿಗೆ ಏಳುವುದಿಲ್ಲ.

ಹೀಗಾಗಿ ಅಕ್ಕನ ಮಗಳು ಹೋಗಲಿ ಎಂದೇ ನಾನು ಹೇಳುತ್ತೇನೆ. ಪರದೇಶದಲ್ಲಿರುವ ಅಮೆರಿಕನ್ನರಿಗೆ ಅಂಚೆಯಲ್ಲಿ ಮತಪತ್ರ ತರಿಸಿಕೊಳ್ಳುವ ಹಕ್ಕನ್ನು 1986ರ ಕಾನೂನು ಕೊಟ್ಟಿದೆ. ಅದನ್ನು ಅವಳು ಬಿಡಬಾರದು. ಲಿಸ್ಬನ್ನಿನಲ್ಲಿ ಡಾಲರ್ ಗಳಿಕೆಯವರು ಬಂದು ಬಾಡಿಗೆ ಏರಿತು ಎಂದು ಸ್ಥಳೀಯರು ಬೀದಿಗಿಳಿದದ್ದನ್ನೂ ತಿಳಿದು ಹೋಗಬೇಕು. ಅಲ್ಲಿ ಹೊಸ ಋಣವೊಂದು ಶುರುವಾಗುತ್ತದೆ.

ಇದನ್ನೆಲ್ಲ ಅಕ್ಕನಿಗೆ ಹೇಳಿದೆ. ಅವಳು ತುಸು ಹೊತ್ತು ಸುಮ್ಮನಿದ್ದಳು. "ನೀನೂ ಬಾ ಅಂತಿದಾಳೆ ಕಣೋ. ನಂಗೂ ಒಂದೊಂದ್ಸಲ ಆಸೆಯಾಗತ್ತೆ" ಎಂದಳು. ಅವಳು ಗುರುವಾರ ಸಂಜೆ ಊರಿನ ಲೈಬ್ರರಿಯಲ್ಲಿ, ಗ್ವಾಟೆಮಾಲಾದಿಂದ ಹೊಸದಾಗಿ ಬಂದ ಹೆಂಗಸರಿಗೆ ಇಂಗ್ಲಿಷ್ ಹೇಳಿಕೊಡುತ್ತಾಳೆ. ಹೋದ ವಾರ ಇಬ್ಬರು ಭಯಪಟ್ಟು ಬರಲಿಲ್ಲವಂತೆ. "ಉಳಿದ ಆರು ಜನ ಬಂದು ಕಾಯ್ತಿರ್ತಾರೆ, ಬಾಗಿಲ ಬೀಗದಕೈ ನನ್ನ ಹತ್ರ ಇದೆ" ಎಂದು ಫೋನ್ ಇಟ್ಟಳು.