ಕಡಲಲ್ಲಿ ‘ಇಲ್ಲ’ ಎಂದು ತಿಳಿಯುವುದು ಹೇಗೆ?

ಕರಾವಳಿಯ ನೀರನ್ನು ಪರೀಕ್ಷಿಸಲು ಹೋಗುವ ಸಂಶೋಧನಾ ದೋಣಿ ತರುವ ಸುದ್ದಿಗಳಲ್ಲಿ ಹೆಚ್ಚು ತೂಕದ್ದು ಹಲವು ಸಲ ಒಂದು ಅಭಾವದ ಸುದ್ದಿ: ತಳದ ನೀರಿನಲ್ಲಿ ಆಮ್ಲಜನಕ ಇಲ್ಲ. ಇರುವುದನ್ನು ಅಳೆಯಬಹುದು, ಇಲ್ಲದಿರುವುದನ್ನು ಯಾವುದರಿಂದ ತಿಳಿಯುವುದು? ಈ ಪ್ರಶ್ನೆಯನ್ನು ಭಾರತೀಯ ದಾರ್ಶನಿಕರೂ ಚರ್ಚಿಸಿದ್ದರು. ನೆಲದ ಮೇಲೆ ಮಡಕೆ ಇಲ್ಲವೆಂಬುದು ಕಣ್ಣಿಗೇ ತಿಳಿಯುತ್ತದೆ ಎಂದರು ನ್ಯಾಯ ದರ್ಶನದ ನೈಯಾಯಿಕರು. ಕಣ್ಣಿಗೆ ಎಟುಕುವುದು ನೆಲ ಮಾತ್ರ, ಅಭಾವಕ್ಕೆ ಬೇರೆಯೇ ಪ್ರಮಾಣ, ಅಂದರೆ ಅರಿವಿನ ಸಾಧನ, ಬೇಕು ಎಂದ ಮೀಮಾಂಸಕ ಕುಮಾರಿಲ ಭಟ್ಟನ ಅನುಯಾಯಿಗಳಾದ ಭಾಟ್ಟರು ಅದನ್ನು ಅನುಪಲಬ್ಧಿ ಎಂದು ಕರೆದರು. ಮೀಮಾಂಸೆಯ ಇನ್ನೊಂದು ಪಂಥದವರಾದ ಪ್ರಾಭಾಕರರ ಮಟ್ಟಿಗೆ ಅಭಾವವೆಂಬ ಪ್ರತ್ಯೇಕ ಪದಾರ್ಥವೇ ಇಲ್ಲ. ಇರುವುದು ಬರಿನೆಲದ ಅರಿವಷ್ಟೇ. ಈ ವಾದದಲ್ಲಿ ಇಂದಿಗೂ ಬೆಲೆಯುಳ್ಳದ್ದು ಭಾಟ್ಟರು ಮತ್ತು ಅದ್ವೈತಿಗಳು ಹಾಕಿದ ಒಂದು ಷರತ್ತು, ಯೋಗ್ಯತೆ. ವಸ್ತು ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವಂತಿದ್ದಾಗ ಮಾತ್ರ, ಕಾಣದಿರುವುದು ಇಲ್ಲವೆಂಬುದಕ್ಕೆ ಆಧಾರ. ಕತ್ತಲ ಕೋಣೆಯಲ್ಲಿ ಮಡಕೆ ಕಾಣದಿದ್ದರೆ ಏನೂ ಸಿದ್ಧವಾಗುವುದಿಲ್ಲ.

ಈ ಷರತ್ತನ್ನು ಕಡಲಿಗೆ ತಂದು ನೋಡೋಣ. ಗೋವಾದ ಕ್ಯಾಂಡೋಲಿಮ್ ಎದುರು, ಸುಮಾರು 28 ಮೀಟರ್ ಆಳದ ಒಂದು ನೆಲೆಯಲ್ಲಿ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆ 1997ರಿಂದ ನೀರಿನ ಮಾದರಿ ತೆಗೆಯುತ್ತ ಬಂದಿದೆ. ಮುಂಗಾರಿನಲ್ಲಿ ಆಳದ ತಣ್ಣೀರು ಪಶ್ಚಿಮ ಕರಾವಳಿಯತ್ತ ಮೇಲೇರುತ್ತದೆ. ಅದರಲ್ಲಿ ಆಮ್ಲಜನಕ ಮೊದಲೇ ಕಡಿಮೆ. ಮಳೆ ಮತ್ತು ಹೊಳೆಗಳ ಸಿಹಿನೀರು ಅದರ ಮೇಲೆ ತೆಳ್ಳನೆ ಪದರವಾಗಿ ನಿಂತು, ಗಾಳಿಯ ಸಂಪರ್ಕವನ್ನು ತಪ್ಪಿಸುತ್ತದೆ. ಸೆಪ್ಟೆಂಬರ್–ಅಕ್ಟೋಬರ್ ಹೊತ್ತಿಗೆ ತಳದಲ್ಲಿ ಆಮ್ಲಜನಕ ಪೂರ್ತಿ ಮುಗಿದು ಹೈಡ್ರೋಜನ್ ಸಲ್ಫೈಡ್ ಹುಟ್ಟುವುದುಂಟು. ಮೇಲಿನ ನೀರನ್ನಷ್ಟೇ ಮೊಗೆದವರಿಗೆ ಇದರ ಸುಳಿವೇ ಸಿಗದು.

ದೋಣಿಯಿಂದ ತಂತಿಗೆ ಕಟ್ಟಿ ಇಳಿಸುವ ಸೀಸೆಯ ಎರಡೂ ಬಾಯಿ ತೆರೆದಿರುತ್ತವೆ. ಬೇಕಾದ ಆಳ ಮುಟ್ಟಿದ ಮೇಲೆ ತಂತಿಯಲ್ಲಿ ಜಾರಿಬಿಟ್ಟ ಗುಂಡು ಬಡಿದು ಮುಚ್ಚಳಗಳು ಬೀಳುತ್ತವೆ. ಮೇಲೆ ಬಂದ ನೀರನ್ನು ರಬ್ಬರ್ ಕೊಳವೆಯಿಂದ ಗಾಜಿನ ಬಾಟಲಿಯ ತಳಕ್ಕೆ ಹರಿಸಿ, ತುಂಬಿ ಚೆಲ್ಲುವಂತೆ ಬಿಡಬೇಕು. ಒಂದು ಗುಳ್ಳೆ ಗಾಳಿ ಸೇರಿದರೂ ಇಲ್ಲದ ಆಮ್ಲಜನಕ ಇದ್ದಂತೆ ತೋರುತ್ತದೆ. ಕೂಡಲೇ ಮ್ಯಾಂಗನೀಸ್ ಲವಣವನ್ನೂ ಕ್ಷಾರೀಯ ಅಯೋಡೈಡನ್ನೂ ಬೆರೆಸಿದರೆ, ಆಮ್ಲಜನಕವಿರುವ ನೀರಿನಲ್ಲಿ ಕಂದು ಗಷ್ಟು ಕೂರುತ್ತದೆ. ಇಲ್ಲದಿದ್ದರೆ ಗಷ್ಟು ಬೆಳ್ಳಗೇ ಉಳಿಯುತ್ತದೆ. ಆ ಬಿಳುಪಿನಲ್ಲಿ ಕಂಡದ್ದು ಅಭಾವವೋ, ಬರಿಯ ಮ್ಯಾಂಗನೀಸ್ ಹೈಡ್ರಾಕ್ಸೈಡೋ? ಪ್ರಾಭಾಕರರು ಎರಡನೆಯದನ್ನೇ ಹೇಳಿಯಾರು. ಆದರೆ ಅದೇ ದೋಣಿಯಲ್ಲಿ, ಅದೇ ರಾಸಾಯನಿಕಗಳಿಂದ, ಮೇಲಿನ ನೀರಿನ ಬಾಟಲಿ ಕಂದಾಗಿರುತ್ತದೆ. ಇದ್ದಿದ್ದರೆ ಕಾಣುತ್ತಿತ್ತು ಎಂಬುದಕ್ಕೆ ಆ ಕಂದೇ ಸಾಕ್ಷಿ. ಯೋಗ್ಯತೆ ಇಲ್ಲಿ ಕೈಯಲ್ಲಿ ಹಿಡಿದು ನೋಡುವಂಥದ್ದು.

ಬೌದ್ಧ ತಾರ್ಕಿಕ ಧರ್ಮಕೀರ್ತಿ ಇನ್ನೊಂದು ದಾರಿ ತೋರಿಸಿದ್ದ: ವಿರುದ್ಧವಾದದ್ದು ಕಂಡರೆ ಅಭಾವವನ್ನು ಊಹಿಸಬಹುದು. ಬೆಂಕಿಯಿದೆ, ಆದ್ದರಿಂದ ಇಲ್ಲಿ ಚಳಿಯ ಸ್ಪರ್ಶವಿಲ್ಲ. ತಳದ ಸೀಸೆ ತೆರೆದೊಡನೆ ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದೂ ಇಂಥದ್ದೇ ಹೇತು, ಏಕೆಂದರೆ ಹೈಡ್ರೋಜನ್ ಸಲ್ಫೈಡ್ ಆಮ್ಲಜನಕದ ಜೊತೆ ಹೆಚ್ಚು ಹೊತ್ತು ಬಾಳಲಾರದು.

ತೊಡಕಿರುವುದು ದೋಣಿ ಹೋಗದ ದಿನಗಳಲ್ಲಿ. ಆಮ್ಲಜನಕ ಕುಸಿಯತೊಡಗುವ ಜೂನ್–ಜುಲೈ ತಿಂಗಳಲ್ಲೇ ಕಡಲು ಅತಿ ಒರಟು. ಸಣ್ಣ ದೋಣಿಗಳು ಅಳಿವೆ ದಾಟುವುದೇ ಕಷ್ಟ. ಹೀಗಾಗಿ ಕಡತದಲ್ಲಿ ಶಾಂತ ಕಡಲಿನ ದಿನಗಳೇ ತುಂಬಿಕೊಳ್ಳುತ್ತವೆ. ಖಾಲಿ ಉಳಿದ ಆ ಸಾಲುಗಳು ಕತ್ತಲ ಕೋಣೆಗೆ ಸೇರಿದವು. ಅವನ್ನು ‘ಕೆಡುಕೇನೂ ಕಂಡಿಲ್ಲ’ ಎಂದು ಓದುವುದು, ಸರಾಸರಿಯಲ್ಲಿ ಸದ್ದಿಲ್ಲದೆ ಕರಗಿಸುವುದು ಪ್ರಮಾಣವನ್ನೇ ಮುರಿದಂತೆ. ಉಪಕರಣದ ಪತ್ತೆಮಿತಿಗಿಂತ ಕೆಳಗಿನ ಅಳತೆಗೂ ಇದೇ ಮಾತು ಸಲ್ಲುತ್ತದೆ: ಅಲ್ಲಿ ಸೊನ್ನೆ ಬರೆಯುವ ಬದಲು ಮಿತಿಯನ್ನೇ ಬರೆಯಬೇಕು.