ಹಿರಿಯರ ಚೂರಿ: ಬಳಸತಕ್ಕದ್ದೋ, ಕಾದಿಡತಕ್ಕದ್ದೋ?

ಒಳ್ಳೇ ಉಪಕರಣವೊಂದು ಮನುಷ್ಯನ ಕೈಗೆ ಬಂದರೆ ಅವನು ಅದನ್ನು ಕೆಲಸಕ್ಕೆ ಹಾಕಿ ಸವೆಸತಕ್ಕದ್ದೋ, ಇಲ್ಲವೆ ಸವೆಯದ ಹಾಗೆ ಪೆಟ್ಟಿಗೆಯಲ್ಲಿಟ್ಟು ಕಾಯತಕ್ಕದ್ದೋ? ಈ ಪ್ರಶ್ನೆಯು ಅಲ್ಪವಾದದ್ದೆಂದು ಕೆಲವರಿಗೆ ತೋರಬಹುದು. ಆದರೆ ಅಜ್ಜನು ಬಿಟ್ಟುಹೋದ ಮಡಿಚುವ ಚೂರಿಯೋ ಹಿತ್ತಾಳೆಯ ಅಡಕತ್ತರಿಯೋ ಮನೆಯಲ್ಲಿರುವಾಗ, ಅಣ್ಣನು "ಮುಟ್ಟಬೇಡ, ಅದು ಹಳೇ ವಸ್ತು" ಎಂತಲೂ ತಮ್ಮನು "ಕೊಯ್ಯದ ಚೂರಿ ಯಾತಕ್ಕೆ?" ಎಂತಲೂ ಹೇಳಿ ಮುಖ ತಿರುಗಿಸಿಕೊಳ್ಳುವದುಂಟು. ಹಳೇ ಸಾಮಾನುಗಳನ್ನು ಕೊಳ್ಳುವವನು ಬಾಗಲಿಗೆ ಬಂದು ಬೆಲೆ ಹೇಳಿದ ದಿವಸ ಆ ಮಾತು ಜಗಳವೇ ಆಗುವದು. ಆದಕಾರಣ ಪ್ರಿಯ ವಾಚಕರೇ, ಇದನ್ನು ಸಾವಧಾನವಾಗಿ ವಿಚಾರಿಸೋಣ.

ಬಾಳಗಡಿಯಿಂದ ಹಿಡಿದು ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಸೀಮೆಯಲ್ಲೆಲ್ಲಾ ಅಡಿಕೆಯ ತೋಟವು ಬಹು ಜನರ ಜೀವನಕ್ಕೆ ಆಧಾರವಾಗಿದೆ. ಆ ತೋಟದ ಕೆಲಸವಾದರೋ ಮೊದಲಿನಿಂದ ಕಡೇ ವರೆಗೂ ಅಲಗಿನ ಕೆಲಸವೇ. ಕೊನೆಗಾರನು ಮರದ ತುದಿಯಲ್ಲಿ ಗೊನೆಯನ್ನು ಕೊಯ್ಯುವದು ಕತ್ತಿಯಿಂದ. ಅಂಗಳದಲ್ಲಿ ಕೂತವರು ಹಸಿ ಅಡಿಕೆಯ ಸಿಪ್ಪೆಯನ್ನು ಸುಲಿಯುತ್ತಿದ್ದದ್ದು ಮಣೆಗೆ ನಿಲ್ಲಿಸಿದ ಮೆಟ್ಟುಗತ್ತಿಯಿಂದ. ಬೇಯಿಸಿ ಒಣಗಿಸಿದ ಅಡಿಕೆಯನ್ನು ಹಿರಿಯರು ಜಗಲಿಯ ಮೇಲೆ ಹೋಳು ಮಾಡುತ್ತಿದ್ದದ್ದು ಎಲೆಯಡಿಕೆಯ ಸಂಚಿಯಲ್ಲಿದ್ದ ಅಡಕತ್ತರಿಯಿಂದ. ಮಕ್ಕಳ ಸೀಸದ ಕಡ್ಡಿಯನ್ನು ಕೆತ್ತುವದು, ಕಸಿ ಕಟ್ಟುವ ಕಡ್ಡಿಯನ್ನು ಓರೆಯಾಗಿ ಕೊಯ್ಯುವದು, ಬಾಳೆಯ ನಾರನ್ನು ಕತ್ತರಿಸುವದು, ಇವೇ ಮೊದಲಾದ ಸಣ್ಣ ಕೆಲಸಗಳಿಗೆ ಜೇಬಿನಲ್ಲಿದ್ದ ಮಡಿಚುವ ಚೂರಿಯು ದಿವಸಕ್ಕೆ ಹತ್ತು ಸಾರಿ ಹೊರಗೆ ಬರುತ್ತಿತ್ತು. ಈಗಲಾದರೋ ಅನೇಕ ಅಂಗಳಗಳಿಗೆ ಅಡಿಕೆ ಸುಲಿಯುವ ಯಂತ್ರವು ಬಂದಿದೆ. ಮೆಟ್ಟುಗತ್ತಿಯು ಅಟ್ಟವನ್ನು ಹತ್ತಿದೆ. ಕತ್ತರಿಸಿದ ಅಡಿಕೆಯು ಅಂಗಡಿಯಲ್ಲಿಯೇ ದೊರೆಯುವದರಿಂದ ಅಡಕತ್ತರಿಯು ಮೂಲೆಗೆ ಬಿದ್ದಿದೆ. ನಿನ್ನೆ ಕೈಯಲ್ಲಿದ್ದದ್ದು ಇಂದು ಹಳೇ ವಸ್ತುವೆಂಬ ಹೆಸರನ್ನು ಪಡೆದಿದೆ. ಹೀಗಿರಲಾಗಿ ಇದು ಪಟ್ಟಣದ ಶ್ರೀಮಂತರ ಪ್ರಶ್ನೆ ಮಾತ್ರವಲ್ಲ, ನಮ್ಮ ಪ್ರಶ್ನೆಯೂ ಆಗಿದೆ.

ಮೊದಲು ಕಾದಿಡಬೇಕೆನ್ನುವವರ ಮಾತನ್ನು ನ್ಯಾಯವಾಗಿ ಕೇಳೋಣ. ಅಲಗನ್ನು ಮಸೆಯುವದೆಂದರೆ ಉಕ್ಕನ್ನು ತೇಯುವದೇ. ಕಲ್ಲಿಗೆ ಹತ್ತಿದ ಉಕ್ಕು ತಿರಿಗಿ ಅಲಗಿಗೆ ಬರುವದಿಲ್ಲ. ಬೆರಳಗಲವಿದ್ದ ಅಲಗು ಒಬ್ಬನ ಆಯುಷ್ಯದೊಳಗೆ ಕಡ್ಡಿಯಂತೆ ಸಣ್ಣಗಾಗುವದನ್ನು ನಮ್ಮಲ್ಲಿ ಯಾರು ನೋಡಿಲ್ಲ? ನೀರಿಲ್ಲದೆ ವೇಗವಾಗಿ ತಿರುಗುವ ಸಾಣೆಗೆ ಅದನ್ನು ಒತ್ತಿ ಹಿಡಿದರೆ ಉಕ್ಕು ಕಾದು, ಕಮ್ಮಾರನು ಕೊಟ್ಟ ಹದವೇ ಕೆಟ್ಟುಹೋಗುವದು. ಆದದರಿಂದಲೇ ಸಂಗ್ರಹ ಮಾಡುವವರು ಒಮ್ಮೆಯೂ ಮಸೆಯದ ಚೂರಿಗೆ ಹೆಚ್ಚು ಬೆಲೆ ಕೊಡುತ್ತಾರೆ. ಇಂಗ್ಲೆಂಡಿನ ಶೆಫೀಲ್ಡ್ ಪಟ್ಟಣದ ಜೋಸೆಫ್ ರಾಜರ್ಸ್ ಎಂಬ ಕಾರ್ಖಾನೆಯ ಚೂರಿಗಳು ಒಂದು ಕಾಲದಲ್ಲಿ ನಮ್ಮ ದೇಶದಲ್ಲಿಯೂ ಹೆಸರಾಗಿದ್ದವು; ಅವುಗಳ ಅಲಗಿನ ಬುಡದಲ್ಲಿ ಒತ್ತಿರುವ ನಕ್ಷತ್ರ ಮತ್ತು ಶಿಲುಬೆಯ ಗುರುತು ೧೬೮೨ರಷ್ಟು ಹಿಂದಿನದು. ಅಂಥಾ ಗುರುತು ಅಳಿಯದೆ ಇರುವ ಚೂರಿಯನ್ನು ಜನರು ಹುಡುಕಿಕೊಂಡು ಹೋಗುತ್ತಾರೆ.

ಇದಲ್ಲದೆ ಬೆಲೆಗಿಂತ ಮೇಲಾದ ಕಾರಣವೂ ಉಂಟು. ಗಿಳಿಯ ಹಾಗೂ ಕುದುರೆಯ ರೂಪದಲ್ಲಿ ಎರಕ ಹೊಯ್ದು, ಹಿತ್ತಾಳೆಯ ಕೈಗಳ ನಡುವೆ ಉಕ್ಕಿನ ಅಲಗನ್ನು ಕೂಡಿಸಿದ ಅಡಕತ್ತರಿಗಳನ್ನು ಮಾಡುವ ಕೈಗಳು ಈಗ ಎಷ್ಟಿವೆ? ಪುಣೆಯಲ್ಲಿ ದಿನಕರ ಕೇಳಕರ್ ಎಂಬವರು ಆಯುಷ್ಯವೆಲ್ಲಾ ಊರೂರು ತಿರುಗಿ ಮನೆಬಳಕೆಯ ವಸ್ತುಗಳನ್ನು ಕೂಡಿಸಿ ೧೯೭೫ರಲ್ಲಿ ಮಹಾರಾಷ್ಟ್ರ ಸರಕಾರಕ್ಕೆ ಒಪ್ಪಿಸಿದರು. ಅವರ ವಸ್ತುಸಂಗ್ರಹಾಲಯದಲ್ಲಿ ಅಡಕತ್ತರಿಗಳೇ ಒಂದು ದೊಡ್ಡ ಗುಂಪಾಗಿವೆ. ನಮ್ಮ ನಾಡಿನಲ್ಲಿ ಎಚ್. ಎಲ್. ನಾಗೇಗೌಡರು ರಾಮನಗರದ ಬಳಿಯಲ್ಲಿ ಕಟ್ಟಿದ ಜಾನಪದ ಲೋಕದಲ್ಲಿಯೂ ಬೇಸಾಯದ ಮತ್ತು ಅಡಿಗೇ ಮನೆಯ ಉಪಕರಣಗಳನ್ನು ನೋಡಬಹುದು. ಎಲ್ಲರೂ ಎಲ್ಲವನ್ನೂ ಕಡೇ ವರೆಗೆ ಸವೆಸಿ ಬಿಸಾಡಿದ್ದರೆ ನಮ್ಮ ಮಕ್ಕಳು ಅವುಗಳ ರೂಪವನ್ನೇ ಅರಿಯದೆ ಇರುತ್ತಿದ್ದರು.

ಇನ್ನು ಬಳಸಬೇಕೆನ್ನುವವರು ಏನನ್ನುತ್ತಾರೆ? ಚೂರಿಯನ್ನು ಮಾಡಿದವನು ಅದನ್ನು ಕೊಯ್ಯುವದಕ್ಕಾಗಿಯೇ ಮಾಡಿದನು ಎನ್ನುತ್ತಾರೆ. ಸ್ವಿಜರ್ಲೆಂಡಿನ ಕಾರ್ಲ್ ಎಲ್ಸೆನರ್ ಎಂಬವರು ೧೮೯೧ರಲ್ಲಿ ತಮ್ಮ ದೇಶದ ಸಿಪಾಯಿಗಳಿಗೆ ಮಡಿಚುವ ಚೂರಿಗಳನ್ನು ಮಾಡಿಕೊಟ್ಟರು. ಆಹಾರದ ಡಬ್ಬಿಯನ್ನು ತೆರೆಯುವದಕ್ಕೂ ಬಂದೂಕದ ತಿರುಪನ್ನು ಬಿಚ್ಚುವದಕ್ಕೂ ಬೇಕಾದ ಮೊನೆಗಳು ಅದರಲ್ಲಿದ್ದವು. ಇಂದು ಅದೇ ವಂಶದ ಚೂರಿಯನ್ನು ಕೆಲವರು ಕಾಗದದ ಪೆಟ್ಟಿಗೆಯಿಂದ ತೆಗೆಯದೆ ಗಾಜಿನ ಕಪಾಟಿನಲ್ಲಿಡುತ್ತಾರೆ. ಹಸಿದವನಿಗೆ ಡಬ್ಬಿ ತೆರೆಯಲೆಂದು ಹುಟ್ಟಿದ್ದು ತಾನೇ ಡಬ್ಬಿಯೊಳಗೆ ಸೆರೆಯಾಯಿತು.

ಮತ್ತು ಪೆಟ್ಟಿಗೆಯು ಕಾಪಾಡುತ್ತದೆಂಬ ನಂಬಿಕೆಯೂ ಪೂರ್ತಿಯಾಗಿ ಸತ್ಯವಲ್ಲ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ. ಪೆಟ್ಟಿಗೆಯಲ್ಲಿ ಮರೆತ ಅಲಗಿಗೆ ಒಂದೇ ಮಳೆಗಾಲವು ಸಾಕು. ಚರ್ಮದ ಒರೆಯು ತೇವವನ್ನು ಹೀರಿ ಹಿಡಿದುಕೊಳ್ಳುವದರಿಂದ, ಒರೆಯಲ್ಲಿಟ್ಟ ಚೂರಿಗೆ ಬೇಗನೆ ತುಕ್ಕು ಹತ್ತುವದು. ತೆರೆಯದ ಚೂರಿಯ ಕೀಲು ಬಿಗಿಯುವದು. ಇದಕ್ಕೆ ಬದಲಾಗಿ, ದಿನಾಲು ಅಡಿಕೆಯನ್ನು ಕೊಯ್ದು ಒರಸಿಟ್ಟ ಅಲಗನ್ನು ನೋಡಿರಿ: ಅಡಿಕೆಯ ಒಗರು ಉಕ್ಕಿಗೆ ತಗಲಿ ಕಪ್ಪು ಪೊರೆಯೊಂದು ಕಟ್ಟಿರುತ್ತದೆ. ಆ ಕಪ್ಪು ಬೇರೆ, ಕೆಂಪು ತುಕ್ಕು ಬೇರೆ. ತುಕ್ಕು ಉಕ್ಕನ್ನು ತಿನ್ನುವದು. ಕಪ್ಪು ಪೊರೆಯು ಅದನ್ನು ಸ್ವಲ್ಪ ಮಟ್ಟಿಗೆ ಕಾಯುವದು. ಅನೇಕ ಸಂಗತಿಗಳಲ್ಲಿ ಬಳಕೆಯೇ ಕಾವಲಾಗಿರುವದೆಂಬದಕ್ಕೆ ಇದು ಒಂದು ದೃಷ್ಟಾಂತ.

ಎರಡು ಪಕ್ಷಗಳಲ್ಲಿಯೂ ಸತ್ಯವಿರುವಾಗ ನಾವು ಯಾವದನ್ನು ಹಿಡಿಯಬೇಕು? ಯಜಮಾನನು ಕೊಟ್ಟ ತಲಾಂತನ್ನು ನೆಲದಲ್ಲಿ ಬಚ್ಚಿಟ್ಟ ಆಳಿನ ಸಂಗತಿಯನ್ನು ನಾವು ಬಲ್ಲೆವು. ಅದನ್ನು ಮಾತ್ರ ನೆನಸಿದರೆ ಎಲ್ಲವನ್ನೂ ಬಳಸತಕ್ಕದ್ದೆಂದು ಹೇಳಿಬಿಡಬಹುದು. ಆದರೆ ಅಡವಿಯಲ್ಲಿ ಇಸ್ರಾಯೇಲ್ಯರಿಗೆ ದೊರೆತ ಮನ್ನದ ವಿಷಯವನ್ನೂ ನೆನಸಿರಿ. ಆಶೆಯಿಂದ ಮರುದಿವಸಕ್ಕೆ ಉಳಿಸಿಕೊಂಡದ್ದು ಹುಳ ಬಿದ್ದು ನಾರಿತು. ಆದರೂ ಅದೇ ಮನ್ನದಲ್ಲಿ ಒಂದು ಅಳತೆಯನ್ನು, ಮುಂದಿನ ತಲೆಗಳು ನೋಡಿ ತಿಳಿಯಲೆಂದು, ಪಾತ್ರೆಯಲ್ಲಿ ತುಂಬಿಸಿ ಇಡುವದಕ್ಕೆ ಅಪ್ಪಣೆಯಾಯಿತು. ವಸ್ತು ಒಂದೇ, ಇಟ್ಟ ಉದ್ದೇಶ ಬೇರೆ. ತನಗಾಗಿ ಕೂಡಿಟ್ಟದ್ದು ಕೆಟ್ಟಿತು. ಸಾಕ್ಷಿಗಾಗಿ ಕಾದಿಟ್ಟದ್ದು ನಿಂತಿತು. ನಮ್ಮ ಪ್ರಶ್ನೆಗೆ ಇಲ್ಲಿಯೇ ಉತ್ತರವಿದೆಯೆಂದು ನಾವು ತಿಳಿಯುತ್ತೇವೆ. ಕೇಳತಕ್ಕದ್ದು "ಬಳಸಲೋ ಇಡಲೋ" ಎಂದಲ್ಲ, "ಯಾರಿಗಾಗಿ ಬಳಸುತ್ತೇನೆ, ಯಾರಿಗಾಗಿ ಇಡುತ್ತೇನೆ" ಎಂದೇ.

ಇಡುವವನು ತನ್ನ ಮನಸ್ಸನ್ನು ಶೋಧಿಸಲಿ. ನೆರೆಯವನಲ್ಲಿ ಇಲ್ಲದ್ದು ತನ್ನಲ್ಲಿದೆ ಎಂಬ ಹೆಮ್ಮೆಯಿಂದಲೋ, ಮುಂದೆ ಬೆಲೆ ಏರೀತೆಂಬ ಆಶೆಯಿಂದಲೋ ಬೀಗ ಹಾಕಿದರೆ, ಅವನು ಚೂರಿಯನ್ನು ಕಾಯುವವನಲ್ಲ, ಚೂರಿಯೇ ಅವನನ್ನು ಕಟ್ಟಿಹಾಕಿದೆ. ಬಳಸುವವನೂ ತನ್ನನ್ನು ಶೋಧಿಸಲಿ. ಅಜ್ಜನ ಚೂರಿಯಿಂದ ಮೊಳೆಯನ್ನು ಮೀಟಿ, ಒದ್ದೆಯಾದದ್ದನ್ನು ಒರಸದೆ ಮಣ್ಣಿನಲ್ಲಿ ಎಸೆದು, "ವಸ್ತುವಿರುವದು ಬಳಸುವದಕ್ಕಲ್ಲವೇ" ಎನ್ನುವವನದು ಬಳಕೆಯಲ್ಲ, ಉದಾಸೀನವು. ಮತ್ತು ಬಳಕೆಯೆಲ್ಲಾ ಒಳ್ಳೇದೆಂದೂ ತಿಳಿಯಬಾರದು. ಅಡಿಕೆಯನ್ನು ಅಗಿಯುವದರಿಂದ ಬಾಯಿಯ ಕ್ಯಾನ್ಸರ್ ಹುಟ್ಟಬಹುದೆಂದು ಪಂಡಿತರು ವಿಚಾರಿಸಿ, ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆಯು ೨೦೦೪ರಲ್ಲಿ ಅಡಿಕೆಯನ್ನು ಆ ರೋಗದ ಕಾರಣಗಳ ಪಟ್ಟಿಯಲ್ಲಿ ಸೇರಿಸಿತು. ಅಡಿಕೆಯಿಂದಲೇ ಅನ್ನ ಕಾಣುವ ಸೀಮೆಯಲ್ಲಿ ಇದು ಕೇಳಲಿಕ್ಕೆ ಕಹಿಯಾದ ಮಾತು. ಆದರೂ ಸತ್ಯವನ್ನು ಮರೆಮಾಡಲಾಗದು. ಹೀಗಿರುವದರಿಂದ ಅಜ್ಜನ ಅಡಕತ್ತರಿಯನ್ನು ಗೌರವಿಸುವದಕ್ಕಾಗಿ ಮೊಮ್ಮಗನು ಅಡಿಕೆ ಅಗಿಯುವದನ್ನು ಕಲಿಯಬೇಕಾಗಿಲ್ಲ. ಅದನ್ನು ಕಾದಿಟ್ಟರೆ ಸಾಕು.

ನಡುವಣ ದಾರಿಯೊಂದನ್ನು ಕೊಡಗಿನವರಲ್ಲಿ ಕಾಣುತ್ತೇವೆ. ಕೊಡವರು ಮದುವೆಯಲ್ಲಿ ಕುಪ್ಪಸವನ್ನು ತೊಟ್ಟು ನಡುವಿಗೆ ಚೇಲೆ ಕಟ್ಟಿ, ಬೆಳ್ಳಿಯ ಕೆಲಸವುಳ್ಳ ಪೀಚೆಕತ್ತಿಯನ್ನು ಸಿಕ್ಕಿಸಿಕೊಳ್ಳುತ್ತಾರೆ. ನೆಟ್ಟ ಬಾಳೆಯ ದಿಂಡುಗಳನ್ನು ಒಡಿಕತ್ತಿಯಿಂದ ಕಡಿಯುತ್ತಾರೆ. ದಿನಾಲು ಸವೆಸುವದೂ ಇಲ್ಲ, ಮರೆತುಬಿಡುವದೂ ಇಲ್ಲ. ಹಬ್ಬದಲ್ಲಿಯೂ ಮದುವೆಯಲ್ಲಿಯೂ ಅದು ಹೊರಗೆ ಬಂದು, ಒರಸಿಸಿಕೊಂಡು, ಇದು ಇಂಥವರದೆಂದು ಹೆಸರು ಹೇಳಿಸಿಕೊಳ್ಳುತ್ತದೆ. ವರುಷಕ್ಕೊಮ್ಮೆಯಾದರೂ ಮನೆಯ ಅಲಗುಗಳನ್ನೆಲ್ಲಾ ಕೆಳಗಿಳಿಸಿ ಎಣ್ಣೆ ಹಚ್ಚುವ ಪದ್ಧತಿಯನ್ನು ನಾವೂ ಇಟ್ಟುಕೊಂಡರೆ ನಷ್ಟವೇನು?

ಆದಕಾರಣ ಈ ಕೆಲವು ಸೂಚನೆಗಳನ್ನು ವಾಚಕರ ಮುಂದೆ ಇಡುತ್ತೇವೆ.

೧. ಒಂದೇ ತರದ ಉಪಕರಣಗಳು ಅನೇಕವಿದ್ದರೆ, ಒಳ್ಳೇದೊಂದನ್ನು ಕಾದಿಟ್ಟು ಮಿಕ್ಕವುಗಳನ್ನು ಕೆಲಸಕ್ಕೆ ಹಾಕಿರಿ.

೨. ಯಾವದರ ಕೆಲಸವು ಮುಗಿದುಹೋಗಿದೆಯೋ, ಇಲ್ಲವೆ ಹಾನಿಕರವೆಂದು ತಿಳಿದುಬಂದಿದೆಯೋ, ಅದನ್ನು ಕಾದಿಡತಕ್ಕದ್ದು. ಯಾವದರ ಕೆಲಸವು ಇನ್ನೂ ಇದೆಯೋ ಅದನ್ನು ಬಳಸತಕ್ಕದ್ದು. ಮಡಿಚುವ ಚೂರಿಯ ಕೆಲಸವು ಇನ್ನೂ ಮುಗಿದಿಲ್ಲ.

೩. ಕಾದಿಡುವದಾದರೆ ಚರ್ಮದ ಒರೆಯಿಂದ ತೆಗೆದು, ಎಣ್ಣೆಯ ತೆಳು ಲೇಪವನ್ನು ಕೊಟ್ಟು, ಒಣ ಬಟ್ಟೆಯಲ್ಲಿ ಸುತ್ತಿರಿ; ಮಳೆಗಾಲದಲ್ಲಿ ಆಗಾಗ್ಗೆ ತೆರೆದು ನೋಡಿರಿ. ಅದು ಯಾರದು, ಯಾರು ಮಾಡಿದ್ದು, ಯಾವ ಕೆಲಸದ್ದು ಎಂಬದನ್ನು ಒಂದು ಚೀಟಿಯಲ್ಲಿ ಬರೆದಿಡಿರಿ. ಹೆಸರಿಲ್ಲದೆ ಇಟ್ಟ ವಸ್ತುವು ಮೂರನೇ ತಲೆಗೆ ಬರೀ ಕಬ್ಬಿಣವಾಗುವದು.

೪. ಬಳಸುವದಾದರೆ ನೀರು ಹಾಕಿದ ಕಲ್ಲಿನಲ್ಲಿ ಕೈಯಿಂದಲೇ, ಬೇಕಾದಷ್ಟೇ ಮಸೆಯಿರಿ. ಕೆಲಸವಾದ ಕೂಡಲೆ ಒರಸಿರಿ. ಕಪ್ಪು ಪೊರೆಯನ್ನು ಹೊಳಪಿನ ಆಶೆಗಾಗಿ ಉಜ್ಜಬೇಡಿರಿ.

೫. ಅಣ್ಣತಮ್ಮಂದಿರೊಳಗೆ ವಿವಾದವಾದರೆ, ಅದರ ಉಪಯೋಗವನ್ನು ಬಲ್ಲವನಿಗೆ ಬಿಟ್ಟುಕೊಡಿರಿ. ಎಷ್ಟು ಬೆಲೆಯ ಅಲಗಾದರೂ ಒಡಹುಟ್ಟಿದವರ ಸಂಬಂಧವನ್ನು ಕೊಯ್ಯುವದಕ್ಕೆ ಯೋಗ್ಯವಲ್ಲ.

ಕಡೆಗೆ ಒಂದು ಮಾತು. ಅಲಗು ಸವೆದರೆ ಕಮ್ಮಾರನ ಕುಲುಮೆಯಲ್ಲಿ ಮತ್ತೊಂದು ಹುಟ್ಟೀತು. ಆದರೆ ಕಡ್ಡಿಯನ್ನು ಯಾವ ಓರೆಯಲ್ಲಿ ಕೊಯ್ದರೆ ಕಸಿ ಹಿಡಿಯುವದು, ಮೆಟ್ಟುಗತ್ತಿಗೆ ಅಡಿಕೆಯನ್ನು ಹೇಗೆ ಒತ್ತಿದರೆ ಬೆರಳು ಉಳಿದು ಸಿಪ್ಪೆ ಮಾತ್ರ ಬರುವದು ಎಂಬ ಜ್ಞಾನವು ಗಾಜಿನ ಕಪಾಟಿನಲ್ಲಿ ಉಳಿಯದು. ಅದು ಕೈಯಿಂದ ಕೈಗೆ ಮಾತ್ರ ದಾಟುವದು. ಹಿರಿಯರ ಚೂರಿಯನ್ನು ಕಾಪಾಡಿ ಅವರ ಕೈಕೆಲಸವನ್ನು ಮರೆತ ಮನೆಯು ಸಿಪ್ಪೆಯನ್ನು ಇಟ್ಟುಕೊಂಡು ಕಾಯನ್ನು ಬಿಸಾಡಿದ ಹಾಗಾಯಿತು. ಆದದರಿಂದ ವಾಚಕರೇ, ಕಾದಿಟ್ಟದ್ದನ್ನು ಮಕ್ಕಳಿಗೆ ತೋರಿಸಿ ಅದರ ಸಂಗತಿಯನ್ನು ಹೇಳಿರಿ. ಬಳಸುವದನ್ನು ಅವರ ಕೈಗೆ ಕೊಟ್ಟು, ಪಕ್ಕದಲ್ಲಿ ಕೂತು ಕಲಿಸಿರಿ.